ನಕ್ಷೆಯಲ್ಲಿ ಹಸಿರು ಕಂಡಿತೆಂದು ಆಫೀಸ್ ಬಾಡಿಗೆಗೆ ಹಿಡಿಯಬೇಡಿ

ನಿಮ್ಮ ಭಾಗಕ್ಕೆ ಫೈಬರ್ ಇಂಟರ್ನೆಟ್ ಬಂದಿದೆ ಅನ್ನೋ ಸುದ್ದಿ ಓದಿ ಹೊಸ ಕೆಲಸಕ್ಕೆ ಕೈ ಹಾಕುವ ಯೋಚನೆಯಲ್ಲಿದ್ದೀರಾ? ದಯವಿಟ್ಟು ಮೊದಲು ಇದನ್ನು ಓದಿ. ನಾನು ಹಾಗೇ ಕೈ ಹಾಕಿದೆ. ಕೂಡಿಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಹೋಯಿತು. ಅದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು, ನನ್ನ ಮಾತು ನಂಬಿ ಇದ್ದ ಕೆಲಸ ಬಿಟ್ಟು ಬಂದ ಇಬ್ಬರು ಹುಡುಗರನ್ನು ವಾಪಸ್ ಕಳಿಸಬೇಕಾಗಿ ಬಂದದ್ದು.

ನಮ್ಮದು ವಿಡಿಯೋ ಎಡಿಟಿಂಗ್ ಕೆಲಸ. ಬೇರೆ ಬೇರೆ ಕಡೆಯ ಗ್ರಾಹಕರು ಶೂಟ್ ಮಾಡಿದ ಫೈಲ್ ಕಳಿಸುತ್ತಾರೆ, ನಾವು ಎಡಿಟ್ ಮಾಡಿ ವಾಪಸ್ ಕಳಿಸುತ್ತೇವೆ. ದೊಡ್ಡ ನಗರದಲ್ಲೇ ಇದ್ದು ಮಾಡಬೇಕಾದ ಕೆಲಸ ಇದಲ್ಲ, ಒಳ್ಳೆಯ ಲೈನ್ ಇದ್ದರೆ ಸಾಕು. ಅಷ್ಟರಲ್ಲಿ ಸುದ್ದಿ ಬಂತು. ಫೈಬರ್ ಜಾಲ ಸಿದ್ಧವಾಗಿದೆ, ಕಂಪನಿಗಳು ಬರಲಿವೆ, ಇಲ್ಲಿನವರಿಗೆ ಇಲ್ಲೇ ಕೆಲಸ ಸಿಗಲಿದೆ ಎಂದು ಬರೆದಿತ್ತು. ಸೇವಾ ಕಂಪನಿಯ ನಕ್ಷೆ ತೆಗೆದು ನೋಡಿದೆ. ನಮ್ಮ ಬೀದಿ ಪೂರ್ತಿ ಹಸಿರು, ಅಂದರೆ ಸೇವೆ ಇದೆ ಎಂದು. ಫೋನ್ ಮಾಡಿದರೆ ಆ ಕಡೆಯ ಹುಡುಗಿ ಪಿನ್ ಕೋಡ್ ಕೇಳಿ, "ಸೇವೆ ಲಭ್ಯವಿದೆ ಮೇಡಂ, ಒಂದು ವಾರದಲ್ಲಿ ಹಾಕಿ ಕೊಡ್ತೀವಿ" ಅಂದಳು. ನಾವು ಮೂವರು ಪಾಲುದಾರರು ಸೇರಿ ಆಫೀಸಿಗೆ ಜಾಗ ಹಿಡಿದು, ಎರಡು ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಿ ಮುಂಗಡ ಕೊಟ್ಟೆವು.

ಲೈನ್ ಹಾಕಲು ಬಂದವನು ಹತ್ತು ನಿಮಿಷ ಮೇಲೆ ಕೆಳಗೆ ನೋಡಿ ಬಂದ.

"ಮೇಡಂ, ಕೇಬಲ್ ಮೇನ್ ರೋಡಲ್ಲಿ ಹೋಗಿದೆ. ಈ ಕಡೆ ಬಂದಿಲ್ಲ."

"ನಕ್ಷೆಯಲ್ಲಿ ಇದೆಯಲ್ಲಪ್ಪ?"

"ನಕ್ಷೆಯಲ್ಲಿ ಇರುತ್ತೆ. ಇಲ್ಲಿ ಮನೆಗಳಿಗೆ ಲೈನ್ ಒಡೆಯೋ ಬಾಕ್ಸೇ ಇಲ್ಲ. ಹತ್ತಿರದ ಬಾಕ್ಸ್ ನಾನೂರು ಮೀಟರ್ ಆಚೆ ಇದೆ, ಅದರಲ್ಲೂ ಹೊಸ ಲೈನ್ ಜೋಡಿಸೋ ಪೋರ್ಟ್ ಖಾಲಿ ಇಲ್ಲ."

ಅವನದೇನೂ ತಪ್ಪಿರಲಿಲ್ಲ. ನಿಜ ಹೇಳಿದ ಮೊದಲ ಮನುಷ್ಯ ಅವನೇ. ಆಮೇಲೆ ನಾನು ಕಲಿತ ವಿಷಯ ಇದು. ಕೇಬಲ್ ನಿಮ್ಮ ಮನೆಯ ಹತ್ತಿರ ಹಾದು ಹೋಗುವುದೇ ಬೇರೆ, ನಿಮ್ಮ ಮನೆಗೆ ಲೈನ್ ಸಿಗುವುದೇ ಬೇರೆ. ಪ್ರಗತಿಯ ವರದಿಗಳಲ್ಲಿ ಎಷ್ಟೋ ಸಲ ಮೊದಲನೆಯದನ್ನೇ ಎಣಿಸುತ್ತಾರೆ. ನಾವು ಓದುವಾಗ ಎರಡನೆಯದು ಅಂದುಕೊಳ್ಳುತ್ತೇವೆ. ಅಮೆರಿಕದಲ್ಲಿ ಬಹಳ ವರ್ಷ ಹೀಗೇ ನಡೆದಿತ್ತು. ಜನಗಣತಿಯ ಒಂದು ಬ್ಲಾಕ್‌ನಲ್ಲಿ, ಅಂದರೆ ಎಣಿಕೆಗಾಗಿ ಭಾಗ ಮಾಡಿದ ಒಂದು ತುಂಡು ಪ್ರದೇಶದಲ್ಲಿ, ಒಂದೇ ಒಂದು ಜಾಗಕ್ಕೆ ಸೇವೆ ಕೊಡಲು ಸಾಧ್ಯವಿದ್ದರೂ ಇಡೀ ಬ್ಲಾಕ್‌ಗೆ ಬ್ರಾಡ್‌ಬ್ಯಾಂಡ್ ಇದೆ ಎಂದು ಲೆಕ್ಕ ಹಾಕುತ್ತಿದ್ದರು. ಹಳ್ಳಿಗಾಡಿನಲ್ಲಿ ಒಂದು ಬ್ಲಾಕ್ ಎಂದರೆ ತುಂಬಾ ದೊಡ್ಡ ಜಾಗ. 2020ರಲ್ಲಿ ಇದನ್ನು ಸರಿಪಡಿಸಲು ಕಾನೂನು ಬಂತು. ಒಂದೊಂದು ಕಟ್ಟಡವನ್ನೂ ಗುರುತಿಸುವ ಹೊಸ ನಕ್ಷೆ ಬಂದದ್ದು 2022ರ ನವೆಂಬರ್‌ನಲ್ಲಿ. ಅಷ್ಟು ದೊಡ್ಡ ದೇಶದ ಸರ್ಕಾರಿ ನಕ್ಷೆಯ ಕಥೆಯೇ ಹೀಗಿರುವಾಗ, ಕಂಪನಿಯವರು ಜಾಹೀರಾತಿಗೆ ಹಾಕುವ ನಕ್ಷೆಯನ್ನು ನಂಬಿ ದುಡ್ಡು ಹಾಕಬಾರದು ಅಲ್ವಾ?

ನಮಗೆ ಲೈನ್ ಬರಲು ಐದು ತಿಂಗಳು ಹಿಡಿಯಿತು. ರಸ್ತೆ ದಾಟಿಸಲು ಅನುಮತಿ ಬೇಕು, ಕಂಬ ಬೇರೆಯವರದು, ಗುತ್ತಿಗೆದಾರ ಬದಲಾಗಿದ್ದಾನೆ. ದಿನಕ್ಕೊಂದು ಕಾರಣ. ಅಲ್ಲಿಯವರೆಗೆ ಮೊಬೈಲ್ ಡೇಟಾದಲ್ಲಿ ಚಿಕ್ಕ ಕೆಲಸ ಮಾಡಿದೆವು, ದೊಡ್ಡ ಫೈಲನ್ನು ಹಾರ್ಡ್ ಡಿಸ್ಕ್‌ಗೆ ಹಾಕಿ ಕೊರಿಯರ್ ಮಾಡಿದೆವು. ಆ ಐದು ತಿಂಗಳಲ್ಲೇ ಇಬ್ಬರು ಗ್ರಾಹಕರು ಬಿಟ್ಟು ಹೋದರು.

ಕೊನೆಗೂ ಲೈನ್ ಬಂತು. ಎಲ್ಲರೂ ಇನ್ನು ಕಷ್ಟ ಮುಗಿಯಿತು ಅಂದುಕೊಂಡೆವು.

ಬಂದದ್ದು ಪೂರ್ತಿ ಫೈಬರ್ ಆಗಿರಲಿಲ್ಲ. ಬೀದಿ ಮೂಲೆಯ ಪೆಟ್ಟಿಗೆಯವರೆಗೆ ಫೈಬರ್, ಅಲ್ಲಿಂದ ನಮ್ಮ ಕಟ್ಟಡಕ್ಕೆ ಹಳೆಯ ತಾಮ್ರದ ತಂತಿ. ಬಿಲ್ಲಿನಲ್ಲಿ ಮಾತ್ರ ಫೈಬರ್ ಎಂದೇ ಇತ್ತು. ತಾಮ್ರದ ತಂತಿ ಉದ್ದವಾದಷ್ಟೂ ವೇಗ ಬೀಳುತ್ತದೆ. ಇಂಥ ಲೈನ್‌ಗಳಲ್ಲಿ ಡೌನ್‌ಲೋಡ್‌ಗೆ ಜಾಸ್ತಿ ಜಾಗ, ಅಪ್‌ಲೋಡ್‌ಗೆ ಕಡಿಮೆ ಜಾಗ ಇಟ್ಟಿರುತ್ತಾರೆ. ಮನೆಯಲ್ಲಿ ಸಿನಿಮಾ ನೋಡುವವರಿಗೆ ಅದು ಸರಿ. ನಮ್ಮಂಥವರಿಗೆ ಅಲ್ಲ. ನಮ್ಮ ಪ್ಲಾನ್ "100 ಎಂಬಿಪಿಎಸ್ ವರೆಗೆ", ಅಂದರೆ ಸೆಕೆಂಡಿಗೆ 100 ಮೆಗಾಬಿಟ್ ವರೆಗೆ. ಈ "ವರೆಗೆ" ಅನ್ನೋ ಪದವನ್ನು ನಾನು ಗಮನಿಸಿರಲೇ ಇಲ್ಲ. ಅಪ್‌ಲೋಡ್ ಎಷ್ಟು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಳೆದು ನೋಡಿದರೆ 5 ಎಂಬಿಪಿಎಸ್.

ಇದರ ಅರ್ಥ ಏನೆಂದು ಲೆಕ್ಕ ಹಾಕಿ ತೋರಿಸುತ್ತೇನೆ, ಯಾಕೆಂದರೆ ನನಗೆ ಯಾರೂ ತೋರಿಸಿರಲಿಲ್ಲ. ಲೈನಿನ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ನಲ್ಲಿ. ಒಂದು ಬೈಟ್ ಅಂದರೆ 8 ಬಿಟ್. ಹಾಗಾಗಿ 100 ಎಂಬಿಪಿಎಸ್ ಪೂರ್ತಿ ಸಿಕ್ಕರೂ ಸೆಕೆಂಡಿಗೆ ಹೋಗುವುದು ಹನ್ನೆರಡೂವರೆ ಮೆಗಾಬೈಟ್. ನಮ್ಮ ಒಂದು ಸಾಧಾರಣ ಪ್ರಾಜೆಕ್ಟ್ 60 ಜಿಬಿ. 100 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಅದು ಸುಮಾರು 80 ನಿಮಿಷದಲ್ಲಿ ಹೋಗುತ್ತದೆ. 5 ಎಂಬಿಪಿಎಸ್‌ನಲ್ಲಿ 26 ಗಂಟೆಗೂ ಜಾಸ್ತಿ ಬೇಕು. ನಡುವೆ ಒಮ್ಮೆ ಲೈನ್ ಹೋದರೆ ಕೆಲವು ಸಲ ಮೊದಲಿಂದ ಶುರು. ರಾತ್ರಿಯಿಡೀ ಒಬ್ಬರು ಕಂಪ್ಯೂಟರ್ ಮುಂದೆ ಕಾವಲು ಕೂತದ್ದೂ ಇದೆ.

ಸಂಜೆ ಆದರೆ ಡೌನ್‌ಲೋಡ್ ಕೂಡ ಕುಸಿಯುತ್ತಿತ್ತು. ಲೈನ್ ನಮಗೊಬ್ಬರಿಗೇ ಇರುವುದಿಲ್ಲ, ಹಂಚಿಕೊಂಡಿರುತ್ತೇವೆ. ಪೂರ್ತಿ ಫೈಬರ್ ಇದ್ದರೂ ಹಂಚಿಕೆ ತಪ್ಪಿದ್ದಲ್ಲ. ಜಿಪಾನ್ ಎಂಬ ಬಹಳ ಬಳಕೆಯ ವ್ಯವಸ್ಥೆಯಲ್ಲಿ ಒಂದು ಫೈಬರನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗೆ ಒಡೆಯುತ್ತಾರೆ. ಎಲ್ಲರಿಗೂ ಸೇರಿ ಡೌನ್‌ಲೋಡ್‌ಗೆ ಸುಮಾರು 2.5 ಜಿಬಿಪಿಎಸ್ (1 ಜಿಬಿಪಿಎಸ್ ಅಂದರೆ 1000 ಎಂಬಿಪಿಎಸ್), ಅಪ್‌ಲೋಡ್‌ಗೆ ಅದರ ಅರ್ಧ. ಎಲ್ಲರೂ ಒಟ್ಟಿಗೇ ಪೂರ್ತಿ ಬಳಸುವುದಿಲ್ಲವಾದ್ದರಿಂದ ಇದು ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಬರುವುದು ಹೆಚ್ಚಾಗಿ ಅದರ ಹಿಂದೆ, ಊರಿನಿಂದ ಹೊರಗೆ ಹೋಗುವ ದಾರಿಯನ್ನು ಕಂಪನಿ ಸಾಕಷ್ಟು ದೊಡ್ಡದು ಮಾಡದೆ ಹೊಸ ಗ್ರಾಹಕರನ್ನು ಸೇರಿಸುತ್ತಾ ಹೋದಾಗ.

ಇಷ್ಟಾದ ಮೇಲೆ ಬುದ್ಧಿ ಉಪಯೋಗಿಸಿದೆವು ಅಂದುಕೊಂಡು ಇನ್ನೊಂದು ಕಂಪನಿಯ ಲೈನ್ ಕೂಡ ಹಾಕಿಸಿದೆವು. ಒಂದು ಹೋದರೆ ಇನ್ನೊಂದು ಇರುತ್ತದಲ್ಲ ಎಂಬ ಧೈರ್ಯ. ಒಂದು ದಿನ ನೀರಿನ ಪೈಪಿಗಾಗಿ ರಸ್ತೆ ಅಗೆದರು. ಎರಡೂ ಲೈನ್ ಒಂದೇ ಕ್ಷಣಕ್ಕೆ ಸತ್ತವು. ವಿಚಾರಿಸಿದರೆ ಎರಡನೇ ಕಂಪನಿ ಆ ದಾರಿಯಲ್ಲಿ ಮೊದಲನೆಯವರ ಕೇಬಲನ್ನೇ ಬಾಡಿಗೆಗೆ ಪಡೆದಿತ್ತು. ಎರಡು ಬಿಲ್, ಎರಡು ರೂಟರ್, ತಂತಿ ಮಾತ್ರ ಒಂದೇ. ನಾಲ್ಕು ದಿನ ಕೆಲಸ ನಿಂತಿತು. ನಮ್ಮ ದೊಡ್ಡ ಗ್ರಾಹಕರು ಹೋದದ್ದು ಆ ವಾರವೇ. ಹುಡುಗರಿಬ್ಬರಿಗೆ ನಾನು ವಿಷಯ ಹೇಳಿದ್ದು ಅದರ ಮುಂದಿನ ತಿಂಗಳು.

ಬ್ರಾಡ್‌ಬ್ಯಾಂಡ್ ಬಂದರೆ ಊರು ಬೆಳೆಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ಚಾಟನೂಗ ನಗರದಲ್ಲಿ ಅಲ್ಲಿನ ಸಾರ್ವಜನಿಕ ವಿದ್ಯುತ್ ಸಂಸ್ಥೆಯೇ ಫೈಬರ್ ಎಳೆದು, 2010ರಲ್ಲಿ ತನ್ನ ವ್ಯಾಪ್ತಿಯ ಎಲ್ಲ ಮನೆ, ಅಂಗಡಿಗಳಿಗೂ 1 ಜಿಬಿಪಿಎಸ್ ಸೇವೆ ಸಿಗುವಂತೆ ಮಾಡಿತು. ಅದೇ ಫೈಬರ್ ಕರೆಂಟ್ ಜಾಲವನ್ನು ನೋಡಿಕೊಳ್ಳಲೂ ಬೇಕಿತ್ತು. ಹಾಗಾಗಿ ಯಾವ ಬೀದಿಯನ್ನೂ ಬಿಡುವಂತಿರಲಿಲ್ಲ. ಅಂಥ ಕಡೆ ನಕ್ಷೆಯ ಹಸಿರಿಗೆ ಬೆಲೆ ಇದೆ. ಮುಖ್ಯ ರಸ್ತೆಯಲ್ಲಿ ಕೇಬಲ್ ಎಳೆದು, ಉದ್ಘಾಟನೆ ಮಾಡಿ, ಉಳಿದದ್ದನ್ನು ಮುಂದೆ ನೋಡೋಣ ಅನ್ನುವ ಕಡೆ ಇಲ್ಲ. ಸುದ್ದಿ ಬರೆಯುವವರಿಗೂ ನನ್ನದೊಂದು ಕೋರಿಕೆ. ಎಷ್ಟು ಕಿಲೋಮೀಟರ್ ಕೇಬಲ್ ಎಳೆದರು ಎಂಬುದರ ಜೊತೆಗೆ ಎಷ್ಟು ಮನೆಯಲ್ಲಿ ಲೈನ್ ನಡೆಯುತ್ತಿದೆ ಎಂದೂ ಕೇಳಿ ಬರೆಯಿರಿ. ನಿಮ್ಮ ಬರಹ ನಂಬಿ ಜನ ಸಾಲ ಮಾಡುತ್ತಾರೆ.

ನೀವು ಜಾಗ ನೋಡುತ್ತಿದ್ದರೆ, ಸಹಿ ಹಾಕುವ ಮೊದಲು ಅದೇ ಕಟ್ಟಡದಲ್ಲಿ, ಇಲ್ಲವೇ ಪಕ್ಕದಲ್ಲಿ ಲೈನ್ ಇರುವವರನ್ನು ಹುಡುಕಿ. ಅವರ ರೂಟರ್‌ಗೆ ನಿಮ್ಮ ಲ್ಯಾಪ್‌ಟಾಪನ್ನು ಕೇಬಲ್‌ನಲ್ಲೇ ಜೋಡಿಸಿ ಅಳೆಯಿರಿ, ವೈಫೈಯಲ್ಲಿ ಬೇಡ. ಬೆಳಗ್ಗೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ. ಫೈಬರ್ ಕಟ್ಟಡದ ಒಳಗಿನವರೆಗೂ ಬರುತ್ತದಾ, ಅಪ್‌ಲೋಡ್ ಕನಿಷ್ಠ ಎಷ್ಟು, ಹತ್ತಿರದ ಬಾಕ್ಸ್‌ನಲ್ಲಿ ಪೋರ್ಟ್ ಇದೆಯಾ ಎಂದು ಇಮೇಲ್‌ನಲ್ಲಿ ಕೇಳಿ, ಇಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತಿಗೆ ಆಮೇಲೆ ಯಾರೂ ಹೊಣೆ ಆಗುವುದಿಲ್ಲ. ಎರಡನೇ ಲೈನ್ ಬೇಕಿದ್ದರೆ ಅದು ಬೇರೆ ದಾರಿಯಲ್ಲಿ ಬರಬೇಕು. ಬೇರೆ ಕಂಪನಿಯದು ಅಂದರೆ ಸಾಲದು.

ಈಗ ನಾವು ಚಿಕ್ಕದೊಂದು ಜಾಗಕ್ಕೆ ಹೋಗಿದ್ದೇವೆ. ಮೂವತ್ತು ದಿನದಲ್ಲಿ ಲೈನ್ ನಡೆಯದಿದ್ದರೆ ಮುಂಗಡ ವಾಪಸ್ ಎಂದು ಕರಾರಿನಲ್ಲೇ ಬರೆಸಿದೆವು. ಮಾಲೀಕರು ಮೊದಲು ಒಪ್ಪಲಿಲ್ಲ. ನಡೆದದ್ದನ್ನೆಲ್ಲ ಕೂತು ಹೇಳಿದ ಮೇಲೆ ಸಹಿ ಹಾಕಿದರು. ಹಳೆಯ ಜಾಗದ ಕರಾರು ಮುಗಿಯಲು ಇನ್ನೂ ಏಳು ತಿಂಗಳಿದೆ. ಆ ಬಾಡಿಗೆಯನ್ನೂ ಕಟ್ಟುತ್ತಿದ್ದೇವೆ.