ಪೆಟ್ರಾದಲ್ಲಿ ಎರಡು ದಿನ: ಅಕ್ಕನ ಚೂಡಿದಾರ್, ನನ್ನ ಟ್ರೆಕ್ಕಿಂಗ್ ಶರ್ಟು

ಬಂಡೆ ಕೊರೆದು ಮಾಡಿದ ಹಳೇ ನಗರ ಪೆಟ್ರಾ ನೋಡಲು ಜೋರ್ಡಾನ್‌ಗೆ ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್ ಮುಂದೆ ಕೂತು ಅಕ್ಕ, ನಾನು ಜಗಳ ಆಡಿದ್ದು ಬಟ್ಟೆಗೆ. ನಾನು ಬೇಗ ಒಣಗುವ ಪಾಲಿಯೆಸ್ಟರ್ ಶರ್ಟು, ಮೂರು ಕಡೆ ಜಿಪ್ ಇರುವ ಪ್ಯಾಂಟು, ಕಣಕಾಲು ಮುಚ್ಚುವ ಬೂಟು ಎಲ್ಲ ತುಂಬಿಟ್ಟಿದ್ದೆ. ಅಕ್ಕ ಮಡಚಿಟ್ಟಿದ್ದು ದಿನಾ ಹಾಕುವ ಕಾಟನ್ ಚೂಡಿದಾರ್, ಹಳೇ ರನ್ನಿಂಗ್ ಶೂ, ಒಂದು ಉಣ್ಣೆ ಶಾಲು. ಅಷ್ಟೇ.

"ಮರುಭೂಮಿಗೆ ಹೋಗ್ತಿರೋದು ಕಣಕ್ಕಾ, ಮಾರ್ಕೆಟ್ಟಿಗಲ್ಲ" ಅಂದೆ.

"ಅಲ್ಲಿನ ಹೆಂಗಸರು ನಿನ್ನ ಹಾಗೆ ಜಿಪ್ ಪ್ಯಾಂಟ್ ಹಾಕ್ಕೊಂಡು ಓಡಾಡ್ತಾರೇನೇ?" ಅಂದಳು.

ಇಬ್ಬರೂ ಬಗ್ಗಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಮೊದಲ ದಿನ ಅವರವರ ಬಟ್ಟೆ, ಎರಡನೇ ದಿನ ಅದಲುಬದಲು. ಪೆಟ್ರಾದ ಟಿಕೆಟ್ ಕೂಡ ಇದಕ್ಕೆ ಸರಿಯಾಗಿಯೇ ಇದೆ. ಜೋರ್ಡಾನ್‌ನಲ್ಲಿ ರಾತ್ರಿ ಉಳಿಯುವವರಿಗೆ ಒಂದು ದಿನಕ್ಕೆ 50 ದಿನಾರ್, ಎರಡು ದಿನಕ್ಕೆ 55. ಅಂದರೆ ಎರಡನೇ ದಿನದ ಪ್ರಯೋಗಕ್ಕೆ ಬಿದ್ದ ಖರ್ಚು ಬರೀ 5 ದಿನಾರ್. ನಮ್ಮಿಬ್ಬರ ಅಳತೆಯೂ ಒಂದೇ. ಪಾದ ಮಾತ್ರ ಬೇರೆ, ಹಾಗಾಗಿ ಚಪ್ಪಲಿ, ಶೂ ವಿಷಯದಲ್ಲಿ ಅದಲುಬದಲು ಆಗಲಿಲ್ಲ. ನಾನೇ ಬೂಟು ಒಂದು ದಿನ, ಸ್ಯಾಂಡಲ್ ಒಂದು ದಿನ ಹಾಕಿ ನೋಡಿದೆ.

ನಾವು ಹೋಗಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಪೆಟ್ರಾ ಅಂದರೆ ಬರೀ ಬಿಸಿಲು ಅಂದುಕೊಂಡು ಹೋಗಿದ್ದೆ, ಅದೇ ಮೊದಲ ತಪ್ಪು. ಬೆಳಿಗ್ಗೆ ಗೇಟು ದಾಟಿ ಬಯಲಲ್ಲಿ ಸ್ವಲ್ಪ ದೂರ ನಡೆದರೆ ಸಿಕ್ ಶುರುವಾಗುತ್ತದೆ. ಬಂಡೆ ಸೀಳಿಕೊಂಡು ಆದ 1.2 ಕಿ.ಮೀ. ಉದ್ದದ ಓಣಿ ಅದು. ಕೆಲವು ಕಡೆ ಅಗಲ ಮೂರೇ ಮೀಟರು, ಎರಡೂ ಪಕ್ಕ ಆಕಾಶ ಮುಚ್ಚುವಷ್ಟು ಎತ್ತರದ ಗೋಡೆ. ಒಳಗೆ ಬಿಸಿಲೇ ಇಲ್ಲ. ತಣ್ಣಗೆ ಗಾಳಿ ಬೀಸುತ್ತದೆ. ಅದು ಮುಗಿದ ಕಡೆ ಬಂಡೆಯಲ್ಲೇ ಕೆತ್ತಿದ ದೊಡ್ಡ ಕಟ್ಟಡ, ಅಲ್ ಖಜ್ನೆ. ಹೆಸರು ಕೇಳಿದರೆ ಅರ್ಥ ಆಗುತ್ತೆ ಅಲ್ವಾ, ನಮ್ಮ ಖಜಾನೆಯೇ ಅದು. ಅಲ್ಲಿಂದ ಮುಂದೆ ಥಿಯೇಟರ್, ಕಂಬಗಳ ಬೀದಿ, ಎಲ್ಲ ಬಟಾಬಯಲು. ನೆತ್ತಿ ಸುಡುತ್ತದೆ. ಆಮೇಲೆ ಬೆಟ್ಟದ ಮೇಲೆ ಅದೇ ಥರ ಕೆತ್ತಿದ ಇನ್ನೊಂದು ಕಟ್ಟಡ ಅದ್ ದೇರ್‌ಗೆ 800ಕ್ಕೂ ಜಾಸ್ತಿ ಮೆಟ್ಟಿಲು. ಹತ್ತುವಾಗ ಬೆವರಿನ ಸ್ನಾನ, ಮೇಲೆ ಹೋದ ಮೇಲೆ ಗಾಳಿಯೋ ಗಾಳಿ. ಒಂದೇ ದಿನದಲ್ಲಿ ನಾಲ್ಕು ಥರದ ಹವೆ. ನಮ್ಮ ಬಟ್ಟೆಗಳು ಗೆದ್ದಿದ್ದೂ ಸೋತಿದ್ದೂ ಈ ನಾಲ್ಕರ ನಡುವೆಯೇ.

ಮೈಗೆ: ಕಾಟನ್ನೋ, ಪಾಲಿಯೆಸ್ಟರೋ

ಮೊದಲ ದಿನ ಅಕ್ಕ ಹಾಕಿದ್ದು ಕಪ್ಪು ಬಣ್ಣದ, ತುಂಬು ತೋಳಿನ, ಸಡಿಲವಾದ ಕಾಟನ್ ಕುರ್ತಾ. ಅದನ್ನು ನೋಡಿ ನನಗೆ ನಗು ಬಂತು. ಕಪ್ಪು ಬಟ್ಟೆ ಬಿಸಿಲು ಹೀರುತ್ತೆ ಅಂತ ಮಕ್ಕಳಿಗೂ ಗೊತ್ತು. ಮಧ್ಯಾಹ್ನ ಕಂಬಗಳ ಬೀದಿಯಲ್ಲಿ ಇವಳು ಬೆಂದು ಹೋಗ್ತಾಳೆ ಅಂತಲೇ ಕಾಯುತ್ತಿದ್ದೆ. ಮಧ್ಯಾಹ್ನ ಬಂತು. ಅಕ್ಕ ಆರಾಮಾಗಿ ನಡೆಯುತ್ತಿದ್ದಳು. ನನ್ನ ತಿಳಿ ಬಣ್ಣದ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು.

ಇದಕ್ಕೊಂದು ಕಾರಣ ಇದೆ. ಅರಬ್ ಅಲೆಮಾರಿಗಳಾದ ಬೆಡೊಯಿನ್ ಜನ ಸುಡುವ ಮರುಭೂಮಿಯಲ್ಲಿ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ ಅಂತ ವಿಜ್ಞಾನಿಗಳು ಪರೀಕ್ಷೆ ಮಾಡಿದ್ದರು. 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದು ಬಂತು. ಕಪ್ಪು ಬಟ್ಟೆ ಬಿಳಿಯದಕ್ಕಿಂತ ಜಾಸ್ತಿ ಕಾಯುವುದು ನಿಜ. ಆದರೆ ಆ ಹೆಚ್ಚಿನ ಬಿಸಿ ಚರ್ಮದವರೆಗೆ ಬರುವುದಿಲ್ಲ. ನಿಲುವಂಗಿ ಸಡಿಲವಾಗಿರುವುದರಿಂದ ಒಳಗೆ ಗಾಳಿ ಆಡುತ್ತದೆ, ಬಿಸಿಯನ್ನು ಅದೇ ಹೊತ್ತುಕೊಂಡು ಹೋಗುತ್ತದೆ. ಅಂದರೆ ಬಣ್ಣಕ್ಕಿಂತ ದೊಡ್ಡದು ಮೈಗೂ ಬಟ್ಟೆಗೂ ನಡುವಿನ ಜಾಗ. ನನ್ನ ಶರ್ಟಿಗೆ ಆ ಜಾಗವೇ ಇರಲಿಲ್ಲ. 'ಸ್ಲಿಮ್ ಫಿಟ್' ಅಂತ ಆಸೆಪಟ್ಟು ಕೊಂಡಿದ್ದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತ. ಫೋಟೋದಲ್ಲಿ ಚೆನ್ನಾಗಿಯೇ ಕಂಡಿದೆ, ಸುಳ್ಳು ಹೇಳಬಾರದು.

ಹಾಗಂತ ಕಾಟನ್ನೇ ಗೆದ್ದಿತು ಅಂತ ಮುಗಿಸುವ ಹಾಗಿಲ್ಲ. ಅದ್ ದೇರ್ ಹತ್ತಲು ಶುರು ಮಾಡಿದ ಮೇಲೆ ಲೆಕ್ಕ ತಿರುಗಿತು. ಅಕ್ಕನ ಬೆನ್ನ ಮೇಲೆ ನೀರಿನ ಬಾಟಲಿಗಳ ಬ್ಯಾಗು. ಅದರ ಅಡಿ ಕುರ್ತಾ ಹಿಂಡುವಷ್ಟು ಒದ್ದೆ. ಮೇಲೆ ತಲುಪಿ ಬ್ಯಾಗು ಇಳಿಸಿದ ಕೂಡಲೇ ಗಾಳಿ ಬೀಸಿತು ನೋಡಿ, "ಅಯ್ಯೋ ಚಳಿ" ಅಂತ ಶಾಲು ಹುಡುಕಿದಳು. ನನ್ನ ಪಾಲಿಯೆಸ್ಟರ್ ಹತ್ತೇ ನಿಮಿಷದಲ್ಲಿ ಒಣಗಿತ್ತು. ಅವಳ ಬೆನ್ನು ಒಣಗಲು ಅರ್ಧ ಗಂಟೆ ಬೇಕಾಯಿತು, ಆಮೇಲೆ ಬೆವರಿನ ಉಪ್ಪು ಬಿಳಿ ಗೆರೆಯಾಗಿ ಕಪ್ಪು ಬಟ್ಟೆಯ ಮೇಲೆ ಕೂತಿತು. ಮೆಟ್ಟಿಲು ಹತ್ತುವವರಿಗೆ ನನ್ನ ಶರ್ಟೇ ಮೇಲು. ಸಂಜೆ ಹೊತ್ತಿಗೆ ಅದು ಬೀರುವ ನಾತ ಬೇರೆ ಕಥೆ.

ಎರಡನೇ ದಿನ ನಾನು ಅಕ್ಕನ ಬಿಳಿ ಕುರ್ತಾ ಹಾಕಿಕೊಂಡೆ. ತೆಳ್ಳಗೆ, ತುಂಬಾ ಹಗುರ. ಬೆಳಿಗ್ಗೆ ಸ್ವರ್ಗ. ರಾತ್ರಿ ಸ್ನಾನಕ್ಕೆ ಹೋದಾಗ ನೋಡಿದರೆ ಎರಡೂ ಭುಜ ಕೆಂಪು. ಬಟ್ಟೆ ಮುಚ್ಚಿದ್ದ ಭುಜ! ತೆಳು ಬಿಳಿ ಕಾಟನ್ ಒಳಗಿಂದ ಬಿಸಿಲಿನ ನೇರಳಾತೀತ ಕಿರಣ ತೂರಿ ಬರುತ್ತದೆ, ಬೆವರಿಗೆ ಒದ್ದೆಯಾದರೆ ಇನ್ನೂ ಜಾಸ್ತಿ. ಅದೇ ಗಾಢ ಬಣ್ಣದ, ಒತ್ತಾಗಿ ನೇಯ್ದ ಬಟ್ಟೆ ಅದನ್ನು ಚೆನ್ನಾಗಿ ತಡೆಯುತ್ತದೆ. ಹಿಂದಿನ ದಿನ ಅಕ್ಕನಿಗೆ ಏನೂ ಆಗದಿದ್ದದ್ದು ಅದಕ್ಕೇ. ನನ್ನ ಶರ್ಟಿನ ಚೀಟಿಯಲ್ಲಿ ಯುಪಿಎಫ್ 50 ಅಂತ ಬರೆದಿತ್ತು, ಐವತ್ತರಲ್ಲಿ ಒಂದು ಪಾಲು ಕಿರಣ ಮಾತ್ರ ಒಳಗೆ ಬರುತ್ತೆ ಅಂತ ಅದರ ಅರ್ಥ. ಅವತ್ತು ಅದು ಅಕ್ಕನ ಮೈಮೇಲಿತ್ತು. "ನಿನ್ನ ಶರ್ಟು ಪರವಾಗಿಲ್ಲ ಕಣೇ, ಕುತ್ತಿಗೆ ಹತ್ತಿರ ಕೆರೆಯುತ್ತೆ ಅಷ್ಟೆ" ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಅರ್ಧ ತೋಳಿನ ಬಟ್ಟೆ ಹಾಕಿ ಸನ್‌ಸ್ಕ್ರೀನ್ ಬಳಿದುಕೊಳ್ಳುವ ದಾರಿಯನ್ನೂ ಒಂದೆರಡು ಗಂಟೆ ನೋಡಿದೆ. ಕ್ರೀಮು, ಬೆವರು, ಗುಲಾಬಿ ಮರಳಿನ ಧೂಳು ಮೂರೂ ಸೇರಿ ಮೊಣಕೈ ಮೇಲೆ ಗಾರೆ ಕೆಲಸ ನಡೆದಿತ್ತು. ತುಂಬು ತೋಳೇ ವಾಸಿ. ಕ್ರೀಮು ಮುಖಕ್ಕೆ, ಅಂಗೈ ಹಿಂಭಾಗಕ್ಕೆ ಇರಲಿ. ಪೆಟ್ರಾದೊಳಗೆ ಇಂಥದ್ದೇ ಬಟ್ಟೆ ಹಾಕಬೇಕು ಅಂತ ಗೇಟಿನಲ್ಲಿ ನಮ್ಮನ್ನು ಯಾರೂ ತಡೆಯಲಿಲ್ಲ, ಚಡ್ಡಿ ಹಾಕಿದ ಪ್ರವಾಸಿಗರು ಬೇಕಾದಷ್ಟು ಜನ ಇದ್ದರು. ಆದರೆ ಹೊರಗಿನ ವಾದಿ ಮೂಸಾ ಸಂಪ್ರದಾಯಸ್ಥರ ಊರು. ಭುಜ, ಮಂಡಿ ಮುಚ್ಚಿದ್ದರೆ ಅಂಗಡಿ, ಹೋಟೆಲ್ಲಿನಲ್ಲಿ ನಮಗೇ ನಿರಾಳ.

ತಲೆಗೆ: ಟೋಪಿ, ಕ್ಯಾಪು, ದುಪಟ್ಟಾ, ಶಮಾಗ್

ಇಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅಗಲ ಅಂಚಿನ ಟೋಪಿ ಅಂಗಡಿಯ ಕನ್ನಡಿ ಮುಂದೆ ಚೆಂದ. ಸಿಕ್ ಒಳಗೆ ಎಲ್ಲರೂ ತಲೆ ಎತ್ತಿಕೊಂಡೇ ನಡೆಯುವುದು, ನನ್ನದು ಪ್ರತಿ ಸಲ ಹಿಂದಿನ ಅಂಚು ಬ್ಯಾಗಿಗೆ ತಾಗಿ ಟೋಪಿ ಹಣೆಗೆ ಜಾರುತ್ತಿತ್ತು. ಅದ್ ದೇರ್ ಮೇಲಿನ ಗಾಳಿಗೆ ಒಂದು ಸಲ ಹಾರಿಯೇ ಹೋಯಿತು, ಮೇಕೆಯೊಂದರ ಕಾಲ ಬಳಿ ಬಿತ್ತು. ಕ್ಯಾಪು ಹಾರುವುದಿಲ್ಲ, ಆದರೆ ಕಿವಿ ಮತ್ತು ಕತ್ತಿನ ಹಿಂಭಾಗವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ.

ಅಕ್ಕ ದುಪಟ್ಟಾವನ್ನೇ ತಲೆ ಮೇಲೆ ಹೊದ್ದಿದ್ದಳು. ನೆರಳೇನೋ ಸಿಕ್ಕಿತು. ಮೆಟ್ಟಿಲ ತಿರುವಿನಲ್ಲಿ ಮೇಲಿನಿಂದ ಕತ್ತೆಗಳ ಸಾಲು ಇಳಿದು ಬಂತು. ಗೋಡೆಗೆ ಒತ್ತಿಕೊಂಡು ನಿಂತೆವು. ಮೂರನೇ ಕತ್ತೆಯ ಜೀನಿಗೆ ದುಪಟ್ಟಾ ತುದಿ ಸಿಕ್ಕಿಕೊಂಡು, ಕತ್ತೆಯ ಜೊತೆ ಅದೂ ನಾಲ್ಕು ಮೆಟ್ಟಿಲು ಇಳಿಯಿತು. ಪುಣ್ಯಕ್ಕೆ ಕುತ್ತಿಗೆಗೆ ಸುತ್ತಿರಲಿಲ್ಲ. ಕತ್ತೆ ನಡೆಸುತ್ತಿದ್ದ ಹುಡುಗ ಅದನ್ನು ಬಿಡಿಸಿ, ಮಡಚಿ, ಕೈಗೆ ಕೊಟ್ಟ. ಅಕ್ಕ ಮಾತಿಲ್ಲದೆ ಬ್ಯಾಗಿಗೆ ತುರುಕಿದಳು.

ಇಳಿಯುವಾಗ ಒಬ್ಬ ಬೆಡೊಯಿನ್ ಹೆಂಗಸಿನ ಅಂಗಡಿಯಲ್ಲಿ ಕೆಂಪು-ಬಿಳಿ ಚೌಕುಳಿಯ ಶಮಾಗ್, ಅಂದರೆ ಅರಬರು ತಲೆಗೆ ಸುತ್ತುವ ಚೌಕ ಬಟ್ಟೆ, ಕೊಂಡೆವು. ಹತ್ತು ದಿನಾರ್ ಹೇಳಿದಳು, ಐದಕ್ಕೆ ಕೊಟ್ಟಳು. ಕಟ್ಟಿದ್ದೂ ಅವಳೇ. ಚೌಕವನ್ನು ಮೂಲೆಗೆ ಮೂಲೆ ಸೇರಿಸಿ ಮಡಚಿ, ಮಡಿಕೆಯನ್ನು ಹಣೆಗೆ ಬಿಗಿಯಾಗಿ ಎಳೆದು, ಒಂದು ತುದಿ ಗಿಡ್ಡ, ಇನ್ನೊಂದು ಉದ್ದ ಬಿಟ್ಟಳು. ಉದ್ದದ ತುದಿಯನ್ನು ಗಲ್ಲದ ಕೆಳಗಿನಿಂದ ತಂದು ತಲೆ ಸುತ್ತಿ ಹಿಂದೆ ಸಿಗಿಸಿದಳು. ಅರ್ಧ ನಿಮಿಷದ ಕೆಲಸ. ಮೊದಲ ಹತ್ತು ನಿಮಿಷ ಸೆಕೆ ಅನಿಸಿತು. ಆಮೇಲೆ ಅದು ತಲೆ ಮೇಲೆ ಇರುವುದೇ ಮರೆತು ಹೋಯಿತು. ಕತ್ತು, ಕಿವಿ, ಗಲ್ಲ ಎಲ್ಲ ನೆರಳಲ್ಲಿ. ಒಂಟೆ, ಕುದುರೆ ಧೂಳೆಬ್ಬಿಸಿಕೊಂಡು ಹೋದರೆ ಒಂದು ಮಡಿಕೆ ಮೂಗಿನ ಮೇಲೆ ಎಳೆದುಕೊಂಡರಾಯಿತು. ಕೊಳ್ಳುವಾಗ ಕಾಟನ್ನೇ ಹೌದಾ ಅಂತ ಕೈಯಲ್ಲಿ ಉಜ್ಜಿ ನೋಡಿ. ನೈಲಾನ್ ಥರ ಜಾರುವುದು ತಲೆ ಮೇಲೆ ನಿಲ್ಲುವುದಿಲ್ಲ. ಒಂದೇ ತೊಂದರೆ, ಕಿವಿ ಮುಚ್ಚಿರುವುದರಿಂದ ಹಿಂದಿನಿಂದ ಬರುವ ಗಾಡಿಯ ಸದ್ದು ತಡವಾಗಿ ಕೇಳುತ್ತದೆ.

ಪೆಟ್ರಾದಲ್ಲಿ ಈ ವೇಷಕ್ಕೆ ಒಂದು ಹಳೇ ಕಥೆಯೂ ಇದೆ. 1812ರಲ್ಲಿ ಯುರೋಪಿನವರಿಗೆ ಈ ಜಾಗವನ್ನು ಮತ್ತೆ ತೋರಿಸಿಕೊಟ್ಟ ಸ್ವಿಸ್ ಪ್ರವಾಸಿ ಬರ್ಕ್‌ಹಾರ್ಟ್ ಬಂದದ್ದು ಅರಬರ ಉಡುಪಿನಲ್ಲಿ, ಶೇಖ್ ಇಬ್ರಾಹಿಂ ಅನ್ನುವ ಹೆಸರಿನಲ್ಲಿ. ಹಾರೂನ್ ಪ್ರವಾದಿಯ ಗೋರಿಗೆ ಮೇಕೆ ಬಲಿ ಕೊಡುವ ಹರಕೆ ಇದೆ ಅಂತ ನೆಪ ಹೇಳಿ ಒಳಗೆ ಬಂದ. ನಾವು ಶಮಾಗ್ ಸುತ್ತಿದ್ದು ಬಿಸಿಲಿಗೆ, ಅವನು ಅರಬರ ಬಟ್ಟೆ ತೊಟ್ಟಿದ್ದು ಜೀವ ಉಳಿಸಿಕೊಳ್ಳಲು.

ಕಾಲಿಗೆ

ಬೂಟಿನ ಬಗ್ಗೆ ನನಗೆ ತುಂಬಾ ನಂಬಿಕೆ ಇತ್ತು. ಗೇಟಿನಿಂದ ಅದ್ ದೇರ್‌ವರೆಗಿನ ಮುಖ್ಯ ದಾರಿ ಒಂದು ಕಡೆಗೇ 4 ಕಿ.ಮೀ. ಮೇಲೆ, ವಾಪಸ್ ಬರುವುದೂ ಅದರಲ್ಲೇ. ಬಹುಪಾಲು ಸಪಾಟು ದಾರಿ, ಸಡಿಲ ಮರಳು. ಅಲ್ಲಿ ಭಾರದ ಬೂಟಿಗೆ ಏನೂ ಕೆಲಸವಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಬೂಟು ಹೊಸದು, ಹಾಕಿ ಪಳಗಿಸಿರಲಿಲ್ಲ, ಆ ತಪ್ಪು ನನ್ನದೇ.

ಎರಡನೇ ದಿನ ಸ್ಯಾಂಡಲ್. ಮರಳು ಒಳಗೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ, ಅದು ಸುಖ. ಹರಳು ಮಾತ್ರ ಹೋಗುವುದಿಲ್ಲ. ಸಿಕ್‌ನಲ್ಲಿ ಕೆಲವು ಕಡೆ ಪೆಟ್ರಾ ಕಟ್ಟಿದ ನಬಾಟಿಯನ್ನರ ಹಳೇ ಕಲ್ಲು ಹಾಸು ಇನ್ನೂ ಉಳಿದಿದೆ, ಏರುಪೇರು. ಕತ್ತೆತ್ತಿ ಗೋಡೆ ನೋಡುತ್ತಾ ಹೋಗಿ ಹೆಬ್ಬೆರಳು ಎಡವಿದೆ. ಲದ್ದಿ ತುಳಿದದ್ದನ್ನು ಇಲ್ಲಿ ವಿವರಿಸುವುದಿಲ್ಲ.

ನಿಜವಾದ ಪರೀಕ್ಷೆ ಅದ್ ದೇರ್ ಮೆಟ್ಟಿಲು. ಮರಳುಗಲ್ಲು ಸವೆದು ಸವೆದು ನಡುವೆ ತಟ್ಟೆಯ ಹಾಗೆ ತಗ್ಗಾಗಿದೆ. ಆ ತಗ್ಗಿನಲ್ಲಿ ಸಣ್ಣ ಮರಳು ನಿಂತಿರುತ್ತದೆ. ಇಳಿಯುವಾಗ ಅದರ ಮೇಲೆ ಕಾಲಿಟ್ಟರೆ ರಾಗಿ ಕಾಳಿನ ಮೇಲೆ ಕಾಲಿಟ್ಟ ಹಾಗೆ, ಸರ್ರನೆ ಜಾರುತ್ತದೆ. ನನ್ನ ಸ್ಯಾಂಡಲ್ ಎರಡು ಸಲ ಜಾರಿತು. ಅಕ್ಕನ ರನ್ನಿಂಗ್ ಶೂ ಹಳೆಯದು, ಆದರೆ ತಳ ಸವೆದಿರಲಿಲ್ಲ. ಒಂದು ಸಲವೂ ಜಾರಲಿಲ್ಲ. ಹಗುರ, ಪಾದಕ್ಕೆ ಪಳಗಿದ್ದು. ಜಾಲರಿ ಬಟ್ಟೆಯೊಳಗೆ ಧೂಳು ತೂರುತ್ತದೆ ಅನ್ನುವುದೊಂದೇ ದೂರು. ಸಂಜೆ ಅವಳು ಶೂ ಬೋರಲು ಹಾಕಿ ಕೊಡವಿದಾಗ ಒಂದೊಂದರಿಂದ ಒಂದು ಚಮಚದಷ್ಟು ಗುಲಾಬಿ ಮರಳು ಬಿತ್ತು. ಕಾಲಿನ ಪಂದ್ಯ ಅಕ್ಕನದೇ, ನಾನು ವಾದಿಸಲೂ ಇಲ್ಲ.

ಪ್ಯಾಂಟಿನ ವಿಷಯ ಎರಡೇ ಮಾತು. ಸಡಿಲವಾದ ಕಾಟನ್ ಪ್ಯಾಂಟು ಸಾಕು, ಚೂಡಿದಾರಿನ ಬಿಗಿ ಕಾಲು ಎತ್ತರದ ಮೆಟ್ಟಿಲಿಗೆ ಮಂಡಿ ಹತ್ತಿರ ಹಿಡಿಯುತ್ತದೆ. ನನ್ನ ಪ್ಯಾಂಟಿನ ಜಿಪ್ಪುಗಳನ್ನು ಎರಡು ದಿನದಲ್ಲಿ ಒಮ್ಮೆಯೂ ತೆಗೆಯಲಿಲ್ಲ.

ರಾತ್ರಿಗೆ

ಮೊದಲ ರಾತ್ರಿ 'ಪೆಟ್ರಾ ಬೈ ನೈಟ್' ನೋಡಲು ಹೋದೆವು. ಸಿಕ್ ಉದ್ದಕ್ಕೂ ಮೇಣದ ದೀಪ, ಖಜ್ನೆ ಮುಂದೆ ನೆಲದ ಮೇಲೆ ಕೂರುವುದು. ಹಗಲು ಬೆಂದ ಊರು ಇದೇನಾ ಅನ್ನುವಷ್ಟು ತಣ್ಣಗೆ. ಸಾವಿರ ಮೀಟರಿನ ಆಸುಪಾಸು ಎತ್ತರದ ಜಾಗ, ಒಣ ಗಾಳಿ, ಸೂರ್ಯ ಮುಳುಗಿದ ಮೇಲೆ ಬಿಸಿ ನಿಲ್ಲುವುದೇ ಇಲ್ಲ. ನನ್ನ ತೆಳು ವಿಂಡ್‌ಚೀಟರ್ ಗಾಳಿ ತಡೆಯಿತು, ಚಳಿ ತಡೆಯಲಿಲ್ಲ. ಅಲ್ಲಾಡಿದಾಗೆಲ್ಲ ಪರಪರ ಸದ್ದು ಬೇರೆ, ಆ ಮೌನದಲ್ಲಿ ಮುಂದೆ ಕೂತವರು ತಿರುಗಿ ನೋಡಿದರು. ಅಕ್ಕ ಉಣ್ಣೆ ಶಾಲು ಹೊದ್ದು ಗುಂಡಗೆ ಕೂತಿದ್ದಳು. ಅರ್ಧ ಕೇಳಿದೆ. "ನಿನ್ನ ಜಿಪ್ಪೆಲ್ಲಾ ಹಾಕ್ಕೊಳೇ" ಅಂದಳು. ಆಮೇಲೆ ಕೊಟ್ಟಳು.

ಚಳಿಗಾಲದಲ್ಲಿ ಹೋಗುವವರು ಶಾಲಿನ ಜೊತೆ ಒಳ್ಳೆ ಜಾಕೆಟ್ಟು, ಮಳೆ ಕೋಟು ಎರಡೂ ಇಟ್ಟುಕೊಳ್ಳಿ. ಮಳೆ ಬಂದರೆ ಆ ಓಣಿಯಲ್ಲಿ ದಿಢೀರ್ ಪ್ರವಾಹ ನುಗ್ಗುತ್ತದೆ. 1963ರಲ್ಲಿ ಫ್ರೆಂಚ್ ಪ್ರವಾಸಿಗರು ಅದರಲ್ಲೇ ಜೀವ ಕಳೆದುಕೊಂಡರು, 2018ರ ನವೆಂಬರಿನಲ್ಲೂ ಸಾವಿರಾರು ಜನರನ್ನು ಖಾಲಿ ಮಾಡಿಸಬೇಕಾಯಿತು. ಸಿಬ್ಬಂದಿ ಹೊರಗೆ ಹೋಗಿ ಅಂದರೆ ಕೋಟು ಹಾಕಿಕೊಂಡು ಫೋಟೋ ತೆಗೆಯುತ್ತಾ ನಿಲ್ಲಬೇಡಿ.

ಎರಡನೇ ರಾತ್ರಿ ಹೋಟೆಲ್ಲಿನಲ್ಲಿ ಎಲ್ಲ ಒಗೆದು ಕಿಟಕಿಗೆ ಹರವಿದೆವು. ಪಾಲಿಯೆಸ್ಟರ್ ಶರ್ಟು ಬೇಗ ಒಣಗುತ್ತೆ ಅನ್ನುವ ಕೊನೆಯ ಒಂದು ಅಂಕ ನನಗೆ ಉಳಿದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಆ ಒಣ ಹವೆಗೆ ಅಕ್ಕನ ಕುರ್ತಾಗಳೂ ಗರಿಗರಿ ಒಣಗಿದ್ದವು. ಬಕೆಟ್ಟಿನ ತಳದಲ್ಲಿ ಮಾತ್ರ ತೆಳ್ಳಗೆ ಗುಲಾಬಿ ಕೆಸರು ಕೂತಿತ್ತು.