ತಿಮಿಂಗಿಲ ಬೇಟೆ ನಿಲ್ಲಿಸಲು ಸಹಿ, ದುಡ್ಡು, ದಕ್ಕೆ: ಮೂರನ್ನೂ ಮಾಡಿ ನೋಡಿದೆ

2019ರ ಜುಲೈ 1ರಂದು ಜಪಾನ್ ಮತ್ತೆ ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆ ಶುರು ಮಾಡಿತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದಿಂದ ಹಿಂದಿನ ದಿನವಷ್ಟೇ ಹೊರಬಂದಿತ್ತು. 1986ರಿಂದ ಜಾರಿಯಲ್ಲಿದ್ದ ನಿಷೇಧ ಅದಕ್ಕೆ ಬೇಡವಾಗಿತ್ತು. ಸುದ್ದಿ ಓದಿ ತುಂಬಾ ಬೇಜಾರಾಯಿತು. ಮಂಗಳೂರಿನಲ್ಲಿ ಕೂತು ನಾನೇನು ಮಾಡಬಹುದು ಅಂತ ಯೋಚಿಸಿ ಒಂದೊಂದೇ ದಾರಿ ಹಿಡಿದೆ.

ಮೊದಲು ಆನ್‌ಲೈನ್ ಮನವಿಗಳು. ಎರಡು ನಿಮಿಷದಲ್ಲಿ ಸಹಿ ಮುಗಿಯುತ್ತದೆ. ವರ್ಷದಲ್ಲಿ ಹನ್ನೊಂದಕ್ಕೆ ಸಹಿ ಹಾಕಿದೆ. ಅದು ಯಾರ ಕೈ ಸೇರಿತು ಅಂತ ಒಂದು ಕಡೆ ಬರೆದು ಕೇಳಿದೆ. ಉತ್ತರ ಬರಲಿಲ್ಲ, ಇನ್ನೊಂದು ಮನವಿ ಬಂತು. ಅಲ್ಲಿಗೆ ಬಿಟ್ಟೆ.

ಆಮೇಲೆ ದುಡ್ಡು. ಬೇಟೆ ಹಡಗಿಗೆ ಅಡ್ಡ ನಿಲ್ಲುವ ಒಂದು ವಿದೇಶಿ ಸಂಘಟನೆಗೆ ತಿಂಗಳಿಗೆ 500 ರೂಪಾಯಿಯಂತೆ ಎರಡು ವರ್ಷ ಕಳಿಸಿದೆ. ಈ ದಾರಿಗೆ ಬಲ ಇದೆ, ಅನುಮಾನವೇ ಇಲ್ಲ. 1975ರಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನವರು ಸೋವಿಯತ್ ಬೇಟೆ ಹಡಗಿನ ಮುಂದೆ ಸಣ್ಣ ರಬ್ಬರ್ ದೋಣಿಯಲ್ಲಿ ನಿಂತರು. 2011ರ ಫೆಬ್ರವರಿಯಲ್ಲಿ ಸೀ ಶೆಫರ್ಡ್ ಅನ್ನುವ ಇನ್ನೊಂದು ಸಂಘಟನೆಯವರ ಕಾಟ ತಡೆಯಲಾಗದೆ ಜಪಾನಿನ ಹಡಗುಗಳು ಅಂಟಾರ್ಕ್ಟಿಕಾದಿಂದ ಹಂಗಾಮಿನ ನಡುವೆಯೇ ವಾಪಸ್ ಹೋದವು. ಒಂದು ವಿಷಯ ಮಾತ್ರ ನನಗೆ ಒಗ್ಗಲಿಲ್ಲ. ಸೀ ಶೆಫರ್ಡ್‌ನವರು ಹಡಗನ್ನು ಮುಂದೆ ತಳ್ಳುವ ಫ್ಯಾನ್‌ಗೆ (ಪ್ರೊಪೆಲ್ಲರ್) ಸಿಕ್ಕಿಕೊಳ್ಳುವ ಹಾಗೆ ಹಗ್ಗ ಎಸೆಯುತ್ತಿದ್ದರು. ನಡುಗಡಲಿನಲ್ಲಿ ಫ್ಯಾನ್ ನಿಂತರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ ಅಲ್ವಾ?

ಮೂರನೆಯದು ನಮ್ಮದೇ ದಕ್ಕೆ, ಅಂದರೆ ಮೀನುಗಾರಿಕೆ ಬೋಟುಗಳು ನಿಲ್ಲುವ ಬಂದರು. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಬಲೆ ರಿಪೇರಿ ಮಾಡುತ್ತಾ ಕೂತವರಿಗೆ ಮಾತಾಡಲು ಪುರುಸೊತ್ತಿರುತ್ತದೆ. ನಾಲ್ಕು ಫೋಟೋ ಪ್ರಿಂಟ್ ಹಾಕಿಸಿಕೊಂಡು ಹೋದೆ. ನಮ್ಮ ಅರಬ್ಬಿ ಸಮುದ್ರವೂ ಸೇರಿ ಹಿಂದೂ ಮಹಾಸಾಗರ 1979ರಿಂದಲೇ ತಿಮಿಂಗಿಲಗಳ ಅಭಯಧಾಮ, 1972ರ ವನ್ಯಜೀವಿ ಕಾನೂನಿನಲ್ಲಿ ಹುಲಿಗೆ ಇರುವ ರಕ್ಷಣೆ ತಿಮಿಂಗಿಲಕ್ಕೂ ಇದೆ ಅಂತ ಹೇಳಿದೆ. ವಯಸ್ಸಾದ ತಾಂಡೇಲರೊಬ್ಬರು (ಬೋಟು ನಡೆಸುವವರು) ಕೈಯಲ್ಲಿದ್ದ ಬಲೆ ಕೆಳಗಿಟ್ಟರು.

"ನಾವು ಕೊಲ್ಲುವವರಲ್ಲ ಮಾರಾಯ್ರೆ. ಅದೇ ಬಂದು ಬಲೆಗೆ ಬಿದ್ದರೆ? ಬಲೆ ಕತ್ತರಿಸಿದರೆ ನಷ್ಟ ಯಾರು ಕೊಡ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ಹುಡುಕಿದಾಗ ಗುಜರಾತಿನ ಕಥೆ ಸಿಕ್ಕಿತು. ಅಲ್ಲಿ ತಿಮಿಂಗಿಲ ಶಾರ್ಕ್ ಬೇಟೆ ಜೋರಾಗಿತ್ತು. (ಹೆಸರು ಹಾಗಿದ್ದರೂ ಅದು ಮೀನು, ತಿಮಿಂಗಿಲ ಅಲ್ಲ.) 2004ರಲ್ಲಿ ಶುರುವಾದ ಅಭಿಯಾನದಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಅದನ್ನು ತವರಿಗೆ ಬರುವ ಮಗಳಿಗೆ ಹೋಲಿಸಿದರು. ಬಲೆ ಕತ್ತರಿಸಿ ಬಿಟ್ಟವರಿಗೆ ಸರ್ಕಾರ ಪರಿಹಾರ ಕೊಟ್ಟಿತು. ಬೇಟೆಯಾಡುತ್ತಿದ್ದ ಕೈಗಳೇ ಅದನ್ನು ಬಿಡಿಸತೊಡಗಿದವು. ಮುಂದಿನ ವಾರ ಹೋಗಿ ಇದನ್ನು ಹೇಳಿದಾಗ ದಕ್ಕೆಯಲ್ಲಿ ಅರ್ಧ ಗಂಟೆ ಚರ್ಚೆ. "ಹಾಗಾದರೆ ನಾವೂ ಕೇಳುವ" ಅಂದರು. ಅಲ್ಲೇ ಕೂತು ಮನವಿ ಬರೆದೆವು. ಹದಿನಾಲ್ಕು ಸಹಿ ಬಿದ್ದವು. ಹನ್ನೊಂದು ಆನ್‌ಲೈನ್ ಮನವಿಗಿಂತ ಈ ಒಂದು ಕಾಗದ ನನಗೆ ದೊಡ್ಡದು, ಯಾಕೆಂದರೆ ಸಹಿ ಹಾಕಿದ ಒಬ್ಬೊಬ್ಬರೂ ಕಡಲಿಗೆ ಹೋಗುವವರು.

ದಕ್ಕೆಯ ಮಾತಿನಿಂದ ಜಪಾನಿನ ಈಟಿ ನಿಲ್ಲುವುದಿಲ್ಲ, ಅದು ಗೊತ್ತು. ನಾರ್ವೆ, ಐಸ್‌ಲ್ಯಾಂಡ್‌ನದೂ ನಿಲ್ಲುವುದಿಲ್ಲ. ಅದಕ್ಕೇ ದುಡ್ಡು ಕಳಿಸುವುದನ್ನು ಪೂರ್ತಿ ಬಿಟ್ಟಿಲ್ಲ. ಈಗ ಹಗ್ಗ ಎಸೆಯದೆ, ಕೋರ್ಟಿನಲ್ಲಿ ಹೋರಾಡುವವರಿಗೆ ಕೊಡುತ್ತೇನೆ. ಅಂಟಾರ್ಕ್ಟಿಕಾದ ಬೇಟೆಗೆ ಕೊಟ್ಟ ಪರವಾನಗಿಗಳನ್ನು ಜಪಾನ್ ರದ್ದು ಮಾಡಬೇಕೆಂದು 2014ರಲ್ಲಿ ಹೇಳಿದ್ದೂ ಹೇಗ್‌ನ ಕೋರ್ಟೇ. ಕಡಲೂರಿನವರು ನನ್ನನ್ನು ಕೇಳಿದರೆ ಮೊದಲು ದಕ್ಕೆಗೆ ಹೋಗಿ ಅನ್ನುತ್ತೇನೆ.

ಕಳೆದ ಅಕ್ಟೋಬರಿನಲ್ಲಿ ಆ ತಾಂಡೇಲರ ಬೋಟಿನಿಂದ ಒಂದು ವಿಡಿಯೊ ಬಂತು. ಬಲೆಯ ಅಂಚು ಕತ್ತರಿಸುತ್ತಿದ್ದಾರೆ. ಒಂದು ಡಾಲ್ಫಿನ್ ಹೊರಳಿ ನೀರಿಗಿಳಿಯುತ್ತದೆ. ಹಿಂದಿನಿಂದ ಯಾರೋ "ಪೋಂಡು, ಪೋಂಡು" (ತುಳುವಿನಲ್ಲಿ 'ಹೋಯಿತು, ಹೋಯಿತು') ಅಂತ ಕೂಗುತ್ತಾರೆ.