ಹೊಸ ನರ್ಸ್‌ಗಳ ಉದ್ಯೋಗ ತರಬೇತಿ: ಅಣಕು ಸಂದರ್ಶನಕ್ಕಾಗಿ ಸೇರಬಹುದು, ರೆಸ್ಯೂಮೆಯನ್ನು ಮಾತ್ರ ನೀವೇ ಬರೆಯಿರಿ

ನರ್ಸಿಂಗ್ ಪದವಿಯ ಕೊನೆಯ ಪರೀಕ್ಷೆಗೆ ಇನ್ನು ಮೂರು ತಿಂಗಳು ಇರುವಾಗ, ಹೊಸ ನರ್ಸ್‌ಗಳನ್ನು ಆಸ್ಪತ್ರೆಯ ಮೊದಲ ಕೆಲಸಕ್ಕೆ ಸಿದ್ಧಗೊಳಿಸುವ ಆರು ವಾರಗಳ ಆನ್‌ಲೈನ್ ತರಬೇತಿಯೊಂದಕ್ಕೆ ನಾನು ಸೇರಿದೆ. ರೆಸ್ಯೂಮೆ ಬರೆದುಕೊಡುವುದು, ಲಿಖಿತ ಪರೀಕ್ಷೆಯ ಅಭ್ಯಾಸ, ಅಣಕು ಸಂದರ್ಶನ, ಖಾಲಿ ಹುದ್ದೆಗಳ ಮಾಹಿತಿ ಎಲ್ಲವೂ ಒಂದೇ ಶುಲ್ಕದಲ್ಲಿ ಸಿಗುತ್ತವೆ. ಈಗ ನನ್ನ ಕೈಯಲ್ಲಿ ನೇಮಕಾತಿ ಪತ್ರವಿದೆ. ಅದನ್ನು ಈ ತರಬೇತಿಯೇ ಕೊಡಿಸಿತು ಎನ್ನಲಾರೆ. ಆದರೆ ಇದರ ಒಂದು ಭಾಗ ಇಲ್ಲದಿದ್ದರೆ ಸಂದರ್ಶನದಲ್ಲಿ ನಾನು ಖಂಡಿತ ತಡವರಿಸುತ್ತಿದ್ದೆ. ಇದೇ ಬಗೆಯ ತರಬೇತಿಗಳು ಹಲವಿರುವುದರಿಂದ ಸಂಸ್ಥೆಯ ಹೆಸರಿಗಿಂತ, ಹಣ ಕಟ್ಟುವ ಮೊದಲು ಯಾವುದನ್ನು ನೋಡಬೇಕು ಎಂಬುದನ್ನು ಬರೆಯುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ಭಾವಿಸುತ್ತೇನೆ.

ಆ ಒಂದು ಭಾಗವೆಂದರೆ ಅಣಕು ಸಂದರ್ಶನ. ಅದನ್ನು ನಡೆಸಿದವರು ಬಹುಕಾಲ ವಾರ್ಡ್ ಇನ್‌ಚಾರ್ಜ್ ಆಗಿದ್ದು ನಿವೃತ್ತರಾದ ಹಿರಿಯ ನರ್ಸ್. ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ಸಿದ್ಧವಾಗಿ ಕುಳಿತಿದ್ದ ನನಗೆ ಅವರು ಮೊದಲು ಹೇಳಿದ್ದೇ ಬೇರೆ: ‘ರಾತ್ರಿ ಎರಡು ಗಂಟೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡು ದಿನವಾದ ರೋಗಿ. ಉಸಿರಾಟ ನಿಮಿಷಕ್ಕೆ 28, ಆಕ್ಸಿಜನ್ ಪ್ರಮಾಣ ಶೇಕಡ 89. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ. ನಾನೇ ಡಾಕ್ಟರ್. ಹೇಳಿ ಸಿಸ್ಟರ್.’ ನಾನು ರೋಗಿ ದಾಖಲಾದ ದಿನದಿಂದ ಶುರುಮಾಡಿ, ಯಾವ ಶಸ್ತ್ರಚಿಕಿತ್ಸೆ, ಯಾವ ಔಷಧಿ, ಬೆಳಿಗ್ಗೆ ಬಿ.ಪಿ. ಎಷ್ಟಿತ್ತು ಎಂದು ಹೇಳುತ್ತಲೇ ಹೋದೆ. ಒಂದು ನಿಮಿಷ ಕೇಳಿಸಿಕೊಂಡು ಅವರು, ‘ಸರಿ, ಈಗ ನನ್ನಿಂದ ನಿಮಗೆ ಏನಾಗಬೇಕು?’ ಎಂದರು. ಅದನ್ನು ನಾನು ಹೇಳಿಯೇ ಇರಲಿಲ್ಲ.

ರೋಗಿಯ ಸ್ಥಿತಿಯನ್ನು ಡಾಕ್ಟರಿಗೆ ಚುಟುಕಾಗಿ ತಿಳಿಸುವ ಎಸ್‌ಬಿಎಆರ್ ಕ್ರಮವನ್ನು, ಅಂದರೆ ಸನ್ನಿವೇಶ, ಹಿನ್ನೆಲೆ, ಪರಿಶೀಲನೆ, ಶಿಫಾರಸು ಎಂಬ ನಾಲ್ಕು ಹಂತಗಳನ್ನು ನಾನು ಎರಡನೆಯ ವರ್ಷದಲ್ಲೇ ಓದಿದ್ದೆ. ಅಮೆರಿಕದ ನೌಕಾಪಡೆಯ ಪರಮಾಣು ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಈ ಕ್ರಮ ಆಮೇಲೆ ಆಸ್ಪತ್ರೆಗಳಿಗೆ ಬಂತು ಎಂಬ ಇತಿಹಾಸವನ್ನೂ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ ಬಾಯಿಬಿಟ್ಟು ಹೇಳಿ ಅಭ್ಯಾಸವಿರಲಿಲ್ಲ. ಎರಡನೆಯ ಸಲ ಹೇಳಿದ್ದು ಹೀಗೆ: ‘ಡಾಕ್ಟರ್, ಎರಡು ದಿನದ ಹಿಂದೆ ಶಸ್ತ್ರಚಿಕಿತ್ಸೆಯಾದ ರೋಗಿಗೆ ಉಸಿರಾಟ 28 ಆಗಿದೆ, ಆಕ್ಸಿಜನ್ 89ಕ್ಕೆ ಇಳಿದಿದೆ. ಸಂಜೆಯವರೆಗೆ ಎರಡೂ ಸರಿಯಾಗಿದ್ದವು. ತಲೆಯ ಭಾಗ ಎತ್ತರಿಸಿ ಕೂರಿಸಿ, ಆಕ್ಸಿಜನ್ ಹಾಕಿದ್ದೇನೆ. ನೀವು ಈಗಲೇ ಬಂದು ನೋಡಬೇಕು.’ ಇಪ್ಪತ್ತು ಸೆಕೆಂಡ್ ಹಿಡಿಯಿತು. ರೋಗಿಯನ್ನು ಕೂರಿಸಿದ್ದನ್ನು ಹೇಳಿದ್ದಕ್ಕೆ ಮೇಡಂ ತಲೆಯಾಡಿಸಿದರು. ಫೋನ್ ಹಿಡಿಯುವ ಮೊದಲು ಕೈ ಏನು ಮಾಡಿತು ಎಂಬುದನ್ನೇ ಸಂದರ್ಶಕರು ಹುಡುಕುತ್ತಾರೆ ಎಂದರು. ಬಳಿಕ, ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಹೊರತಂದ, ರೋಗಿಯ ಸ್ಥಿತಿ ಎಷ್ಟು ಹದಗೆಟ್ಟಿದೆ ಎಂದು ಅಂಕಗಳಲ್ಲಿ ಅಳೆಯುವ ಮುನ್ನೆಚ್ಚರಿಕೆ ಪಟ್ಟಿಯನ್ನು ತೆರೆದು, ಈ ಎರಡು ಅಳತೆಗಳಿಗೆ ತಲಾ 3 ಅಂಕ, ಆಕ್ಸಿಜನ್ ಹಾಕಿದ್ದಕ್ಕೆ ಮತ್ತೆ 2 ಅಂಕ ಸೇರಿ ಮೊತ್ತ 8 ಆಗುತ್ತದೆ, 7 ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತು ಎಂದೇ ಅರ್ಥ ಎಂದು ತೋರಿಸಿದರು. ಇಂತಹ ನಾಲ್ಕು ಅಣಕು ಸಂದರ್ಶನಗಳು ಸಿಕ್ಕಿದವು. ಇನ್ನೂ ನಾಲ್ಕು ಇರಬೇಕಿತ್ತು.

ಲಿಖಿತ ಪರೀಕ್ಷೆಯ ಅಭ್ಯಾಸ ಸಾಧಾರಣ ಮಟ್ಟದ್ದು, ಹೆಚ್ಚಿನ ಪ್ರಶ್ನೆಗಳು ಪಠ್ಯಪುಸ್ತಕದ ಕೊನೆಯಲ್ಲಿ ಇರುವಂಥವೇ. ಒಂದು ಪ್ರಶ್ನೆ ಮಾತ್ರ ನೆನಪಿನಲ್ಲಿ ಉಳಿದಿದೆ: 1000 ಮಿ.ಲೀ. ದ್ರವವನ್ನು 8 ಗಂಟೆಗಳಲ್ಲಿ ಕೊಡಬೇಕು, ನಿಮಿಷಕ್ಕೆ ಎಷ್ಟು ಹನಿ? ನಾನು 42 ಎಂದು ಬರೆದೆ. ಮಿಲಿಲೀಟರಿಗೆ 20 ಹನಿ ಬೀಳುವ ಡ್ರಿಪ್ ಸೆಟ್ಟಿಗೆ ಅದು ಸರಿಯಾದ ಉತ್ತರ, ಆದರೆ ಪ್ರಶ್ನೆಯಲ್ಲಿ ಸೆಟ್ ಯಾವುದೆಂದು ಹೇಳಿರಲೇ ಇಲ್ಲ; 15 ಹನಿಯ ಸೆಟ್ಟಾದರೆ 31 ಆಗುತ್ತದೆ. ಸೆಟ್ಟಿನ ಪೊಟ್ಟಣದ ಮೇಲೆ ಮುದ್ರಿಸಿರುವುದನ್ನು ನೋಡದೆ ಲೆಕ್ಕ ಹಾಕುವ ಅಭ್ಯಾಸ ನನ್ನಲ್ಲಿದೆ ಎಂಬುದು ಅಂದು ತಿಳಿಯಿತು.

ನನ್ನ ಗಂಭೀರ ಆಕ್ಷೇಪ ಇರುವುದು ರೆಸ್ಯೂಮೆ ವಿಭಾಗದ ಮೇಲೆ. ಐಸಿಯು ಪೋಸ್ಟಿಂಗ್‌ನ ಎರಡು ವಾರಗಳಲ್ಲಿ ನಾನು ಮಾಡಿದ್ದು, ಸ್ಟಾಫ್ ನರ್ಸ್ ಒಬ್ಬರ ಜೊತೆಗಿದ್ದು ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಿದ್ದು, ಗಂಟೆಗೊಮ್ಮೆ ಮೂತ್ರದ ಪ್ರಮಾಣ ಅಳೆದು ಚಾರ್ಟಿನಲ್ಲಿ ಬರೆದದ್ದು. ಸಂಸ್ಥೆಯವರು ತಿದ್ದಿ ಕಳಿಸಿದ ಪ್ರತಿಯಲ್ಲಿ ಅದು ‘ವೆಂಟಿಲೇಟರ್ ನಿರ್ವಹಣೆಯಲ್ಲಿ ಅನುಭವ’ ಎಂದಾಗಿತ್ತು! ಕೇಳಿದರೆ, ಎಲ್ಲರೂ ಹೀಗೇ ಬರೆಯುತ್ತಾರೆ ಎಂಬ ಉತ್ತರ ಬಂತು. ಆ ಸಾಲನ್ನು ನಂಬಿ ಮೊದಲ ವಾರವೇ ನನ್ನನ್ನು ವೆಂಟಿಲೇಟರ್ ಮೇಲಿರುವ ರೋಗಿಯ ಬಳಿ ಒಬ್ಬಳನ್ನೇ ನಿಲ್ಲಿಸಿದರೆ, ಅದರ ಬೆಲೆ ತೆರುವವರು ರೆಸ್ಯೂಮೆ ಬರೆದವರಲ್ಲ, ಹಾಸಿಗೆಯಲ್ಲಿ ಮಲಗಿರುವವರು. ನಾನು ಆ ಪ್ರತಿಯನ್ನು ಪಕ್ಕಕ್ಕಿಟ್ಟು, ಮಾಡಿದ್ದನ್ನು ಮಾಡಿದಂತೆಯೇ, ಯಾರ ಮೇಲ್ವಿಚಾರಣೆಯಲ್ಲಿ ಎಂಬುದರೊಂದಿಗೆ ಒಂದೂವರೆ ಪುಟದಲ್ಲಿ ಬರೆದೆ. ಸಂದರ್ಶನದಲ್ಲಿ ಹೆಚ್ಚು ಪ್ರಶ್ನೆ ಬಂದದ್ದು ಆ ಮೂತ್ರದ ಚಾರ್ಟಿನ ಬಗ್ಗೆಯೇ: ಗಂಟೆಗೆ ಎಷ್ಟಕ್ಕಿಂತ ಕಡಿಮೆಯಾದರೆ ತಿಳಿಸುತ್ತಿದ್ದಿರಿ ಎಂದು ಕೇಳಿದರು. ದೊಡ್ಡವರಲ್ಲಿ ದೇಹತೂಕದ ಪ್ರತಿ ಕಿಲೋಗೆ 0.5 ಮಿ.ಲೀ.ಗಿಂತ ಕೆಳಗಿಳಿದರೆ ಎಂದೆ. ಅದು ನಾನು ನಿಜವಾಗಿ ಮಾಡಿದ ಕೆಲಸವಾದ್ದರಿಂದ ಉತ್ತರವನ್ನು ಹುಡುಕಬೇಕಾಗಲಿಲ್ಲ.

ಹುದ್ದೆಗಳ ಪಟ್ಟಿಯಿಂದ ನನಗೆ ಪ್ರಯೋಜನವಾಗಲಿಲ್ಲ. ಬಂದ 12 ಹುದ್ದೆಗಳಲ್ಲಿ 7ಕ್ಕೆ ಎರಡು ವರ್ಷದ ಅನುಭವ ಬೇಕಿತ್ತು. ಮೊದಲು ಬಂದ ಕೆಲಸವನ್ನು ಕೂಡಲೇ ಒಪ್ಪಿಕೊಳ್ಳಿ ಎಂದು ಸಂಸ್ಥೆಯವರು ಎರಡು ಬಾರಿ ಫೋನ್ ಮಾಡಿ ಒತ್ತಾಯಿಸಿದ್ದೂ ಸರಿಯೆನಿಸಲಿಲ್ಲ. ಆದರೆ ಅಣಕು ಸಂದರ್ಶನದ ಮೇಡಂ, ಆಸ್ಪತ್ರೆಯನ್ನು ನಾವೂ ಸಂದರ್ಶಿಸಬೇಕು ಎಂದು ಹೇಳಿಕೊಟ್ಟಿದ್ದರು. ಹೊಸಬರಿಗೆ ಕೆಲಸ ಪರಿಚಯಿಸುವ ಓರಿಯೆಂಟೇಷನ್ ಎಷ್ಟು ವಾರ, ಜೊತೆಗಿದ್ದು ಕಲಿಸುವ ಪ್ರಿಸೆಪ್ಟರ್ ಒಬ್ಬರೇ ಇರುತ್ತಾರೋ ದಿನಕ್ಕೊಬ್ಬರು ಬದಲಾಗುತ್ತಾರೋ, ರಾತ್ರಿ ಡ್ಯೂಟಿಯಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು, ಮೂಲ ಪ್ರಮಾಣಪತ್ರಗಳನ್ನು ಅವರೇ ಇಟ್ಟುಕೊಳ್ಳುತ್ತಾರೋ ಎಂದು ನಾನು ಸಂದರ್ಶನಕ್ಕೆ ಹೋದ ಎರಡೂ ಆಸ್ಪತ್ರೆಗಳಲ್ಲಿ ಕೇಳಿದೆ. ಕಾಲೇಜಿನಲ್ಲಿ ಕಲಿತದ್ದಕ್ಕೂ ವಾರ್ಡಿನಲ್ಲಿ ಕಾಣುವುದಕ್ಕೂ ನಡುವಿನ ಅಂತರದಿಂದ ಹೊಸ ನರ್ಸ್‌ಗಳು ಕಂಗೆಡುವುದನ್ನು ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಲೀನ್ ಕ್ರೇಮರ್ 1974ರಲ್ಲಿಯೇ ‘ವಾಸ್ತವದ ಆಘಾತ’ ಎಂದು ಕರೆದಿದ್ದರು. ಮೊದಲ ತಿಂಗಳುಗಳಲ್ಲಿ ಪಕ್ಕದಲ್ಲಿ ಯಾರಿರುತ್ತಾರೆ ಎಂಬುದು ಸಂಬಳದಷ್ಟೇ ಮುಖ್ಯವಾದ ಪ್ರಶ್ನೆ ಎಂದು ನನಗೆ ಅನಿಸುವುದು ಇದೇ ಕಾರಣಕ್ಕೆ. ಒಂದು ಆಸ್ಪತ್ರೆ ‘ಎರಡು ದಿನ ತೋರಿಸಿಕೊಡುತ್ತೇವೆ’ ಎಂದಿತು. ಇನ್ನೊಂದು ಎಂಟು ವಾರ, ಒಬ್ಬರೇ ಪ್ರಿಸೆಪ್ಟರ್, ಅವರದೇ ಶಿಫ್ಟ್ ಎಂದು ಲಿಖಿತವಾಗಿ ಕೊಟ್ಟಿತು. ಸಂಬಳ ಸ್ವಲ್ಪ ಕಡಿಮೆಯಿದ್ದರೂ ಎರಡನೆಯದನ್ನೇ ಆರಿಸಿಕೊಂಡೆ.

ಪೋಸ್ಟಿಂಗ್‌ಗಳಲ್ಲಿ ಚೆನ್ನಾಗಿ ಕೆಲಸ ಮಾಡಿಯೂ ಹತ್ತು ಜನರ ಮುಂದೆ ಅದನ್ನು ಹೇಳಲು ಬಾರದವರು ಈ ತರಬೇತಿಗೆ ಸೇರಬಹುದು. ಸೇರುವ ಮೊದಲು ಸಂದರ್ಶನ ನಡೆಸುವವರು ವಾರ್ಡಿನಲ್ಲಿ ಕೆಲಸ ಮಾಡಿದವರೇ ಎಂದು ಕೇಳಿಕೊಳ್ಳಿ, ಏಕೆಂದರೆ ನಮ್ಮ ಬ್ಯಾಚಿನ ಕೆಲವರಿಗೆ ಸಿಕ್ಕಿದವರು ಕೇವಲ ಮಾತುಗಾರಿಕೆ ಕಲಿಸುವವರು. ವೆಂಟಿಲೇಟರ್ ಸಾಲಿನ ಬಗ್ಗೆ ಸಂಸ್ಥೆಗೆ ಪತ್ರ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.